ಬಾಲ್ ಮುಟ್ಟೀನ್ರಿ ಸರ!

ಕಬಡ್ಡಿ ನೋಡಿ ಬೆಳೆದ ಕಣ್ಣಿಗೆ ಫುಟ್‌ಬಾಲಿನ ಫೌಲ್ ಲಗೂನೆ ಕಾಣುವುದಿಲ್ಲ. ಇದು ನನ್ನ ಮಾತಲ್ಲ, ಪಕ್ಕದ ಮನೆಯ ಪಿ.ಟಿ. ಮಾಸ್ತರರ ಮಾತು, ನಾನು ಹೂಂ ಅಂದಿದ್ದೇನೆ ಅಷ್ಟೆ. ನಮ್ಮ ವನದುರ್ಗದ ಕಡೆ ಆಟ ಅಂದಮೇಲೆ ಮೈಗೆ ಮೈ ತಾಗಲೇಬೇಕು. ತೊಡೆ ಹಿಡಿ, ಸೊಂಟ ಹಿಡಿ, ನಾಲ್ಕು ಮಂದಿ ಮೇಲೆ ಬಿದ್ದು ರೇಡ್ ಬಂದವನನ್ನು ಮಣ್ಣಿಗೆ ಒತ್ತು. ನೋಡುವವರು ಚಪ್ಪಾಳೆ ಹೊಡೆಯುತ್ತಾರೆ. ಜಾತ್ರೆಯ ಕುಸ್ತಿಯ ಸುದ್ದಿಯಂತೂ ಹೇಳುವುದೇ ಬೇಡ. ಅಂಥ ಮಂದಿಯ ಎದುರು ಒಬ್ಬ ಹುಡುಗ ಇನ್ನೊಬ್ಬನಿಗೆ ಅಡ್ಡಗಾಲು ಕೊಟ್ಟನೆಂದು ಸೀಟಿ ಊದಿ ಆಟ ನಿಲ್ಲಿಸಿದರೆ, "ಇಷ್ಟಕ್ಕ ಯಾಕ ಬಾಯಿ ಮಾಡ್ತದೊ ಆ ಸೀಟಿ" ಎಂದು ನಗುತ್ತಾರೆ.

ನಮ್ಮ ಎರಡು ಮನೆಗಳ ನಡುವೆ ನಿಲ್ಲಿಸಿ ಹುಗಿದ ಶಹಾಬಾದ್ ಫರಸಿಯ ಬೇಲಿ, ಎದೆಮಟ್ಟ. ಸಂಜೆ ಅತ್ತ ಮಾಸ್ತರು ಮೊಣಕೈ ಊರಿದರೆ ಇತ್ತ ನಾನು. ಮಾಸ್ತರು ನೌಕರಿ ಇದ್ದಷ್ಟು ದಿನ ವಲಯ ಮಟ್ಟ, ತಾಲೂಕು ಮಟ್ಟ, ಜಿಲ್ಲಾ ಮಟ್ಟ ಅಂತ ಇಲಾಖೆಯ ಕ್ರೀಡಾಕೂಟಗಳಲ್ಲಿ ಸೀಟಿ ಊದಿದವರು. ಮುಂಜಾನೆ ಖೋಖೋ, ಹೊತ್ತು ಏರಿದ ಮೇಲೆ ವಾಲಿಬಾಲ್, ಊಟವಾದ ಮೇಲೆ ಫುಟ್‌ಬಾಲ್. ಸೀಟಿ ಒಂದೇ, ನಿಯಮ ಬೇರೆ ಬೇರೆ. ಈಗ ನಿವೃತ್ತರು. ಸೀಟಿ ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ. ಶೇಂಗಾ ಒಣಹಾಕಿದ ದಿನ ಮಂಗ ಬಂದರೆ ಅವರ ಹೆಂಡತಿ, ನಮ್ಮ ಅಕ್ಕೋರು, ಅದನ್ನು ಊದುತ್ತಾರೆ. ಮಂಗಗಳು ಮಾಸ್ತರರ ಸೀಟಿಗಿಂತ ಅಕ್ಕೋರ ಸೀಟಿಗೆ ಹೆಚ್ಚು ಮರ್ಯಾದೆ ಕೊಡುತ್ತವೆ ಎಂಬುದು ಓಣಿಯ ಅಭಿಪ್ರಾಯ.

ಮಾತು ಫೌಲಿನ ಮೇಲೆ ಹೊರಳಿದ್ದು ಅವರ ಮೊಮ್ಮಗಳಿಂದ. ಒಂಬತ್ತನೆಯ ತರಗತಿ, ವಲಯ ಮಟ್ಟದ ಪಂದ್ಯ ಆಡಿ ಕುಂಟುತ್ತ ಬಂದಿದ್ದಳು. ಮೊಣಕಾಲಿಗಿಂತ ಗೇಣು ಕೆಳಗೆ ತರಚಿ, ರಕ್ತ ಒಣಗಿತ್ತು.

"ಫೌಲ್ ಕೊಡಲೇ ಇಲ್ಲ ನೋಡ್ರಿ ಕಾಕಾ," ಎಂದಳು ನನಗೆ. "ಆಕಿ ಬಾಲ್ ಮುಟ್ಯಾಳಂತ. 'ಬಾಲ್ ಮುಟ್ಟೀನ್ರಿ ಸರ' ಅಂತ ಆಕಿ ಒದರಿದ್ಲು, ರೆಫ್ರಿ ಸರ 'ಹೌದು, ಆಡ್ರಿ' ಅಂದ್ರು."

"ಮುಟ್ಟಿದ್ರ ಏನಾತು?" ಮಾಸ್ತರು ಅತ್ತಲಿಂದ ಕೇಳಿದರು.

"ಮುಟ್ಟಿದ್ರ ಫೌಲ್ ಅಲ್ಲಲ್ಲ ಮುತ್ಯಾ?"

"ಯಾವ ಪುಸ್ತಕದಾಗ ಅದ?"

ಅಷ್ಟರಲ್ಲಿ ನಮ್ಮ ದೊಡ್ಡಪ್ಪ ಎಮ್ಮೆ ಕಟ್ಟಿ ಬಂದು ಒಗೆಯುವ ಕಲ್ಲಿನ ಹತ್ತಿರ ಕುಂತ. ಹರೆಯದಲ್ಲಿ ಕಬಡ್ಡಿ ಆಡಿದವನು, ಈಗಲೂ ಪಂಚಾಯ್ತಿ ಕಟ್ಟೆಯ ಮೇಲೆ ನಾಲ್ಕು ಮಂದಿ ಕೇಳುವಂಥ ಮಾತು ಆಡುವವನು. ಹರಟೆಗೆ ಮೂವರಾದರೆ ಒಬ್ಬ ಒಪ್ಪದಿರುವವ ಸಿಗುತ್ತಾನೆ, ಬೇಕಾದದ್ದೂ ಅದೇ.

ಒಳಗಿನಿಂದ ಒಂದು ಉಳ್ಳಾಗಡ್ಡಿ ತರಿಸಿದರು ಮಾಸ್ತರು. ಬೇಲಿ ದಾಟಿ ಬಂದು ಒಗೆಯುವ ಕಲ್ಲಿನ ಮೇಲೆ ಇಟ್ಟು, ಎಡಗೈಯ ಎರಡು ಬೆರಳು ಮೊಮ್ಮಗಳು, ಬಲಗೈಯ ಎರಡು ಬೆರಳು ಎದುರಾಳಿ ಹುಡುಗಿ ಎಂದರು. ಮೊದಲ ಸಲ ಬಲಗೈಯ ಬೆರಳು ಕಲ್ಲಿಗೆ ಹತ್ತಿಕೊಂಡೇ ಅಡ್ಡದಿಂದ ಬಂತು, ಉಳ್ಳಾಗಡ್ಡಿಗೆ ತಾಗಿತು, ನಿಂತಿತು. ಎಡಗೈ ಬೆರಳು ಅದರ ಮೇಲೆ ಎಡವಿ ಬಿತ್ತು. "ಇದು ಫೌಲ್ ಅಲ್ಲ. ಬಿದ್ದಾಳ, ಖರೇ, ಆದ್ರೂ ಅಲ್ಲ." ಎರಡನೇ ಸಲ ಬೆರಳು ಕಲ್ಲಿನಿಂದ ಎರಡು ಅಂಗುಲ ಮೇಲೆದ್ದು ಬಂತು. ಉಳ್ಳಾಗಡ್ಡಿಯ ಸಿಪ್ಪೆ ಸವರಿತು, ಅಲ್ಲಿಗೆ ನಿಲ್ಲದೆ ಮುಂದೆ ಹೋಗಿ ಎಡಗೈಯ ಗೆಣ್ಣಿಗೆ ಟಪ್ಪನೆ ಬಡಿಯಿತು.

"ಬಾಲ್ ಮುಟ್ಟಿತು, ಹೌದಿಲ್ಲೊ? ಮುಟ್ಟಿದ ಮ್ಯಾಲ ಕಾಲು ಎಲ್ಲಿ ಹೋತು, ಅದನ್ನ ನೋಡ್ಬೇಕು. ಮಂದಿ ಬಾಲ್ ನೋಡ್ತಾರ. ರೆಫ್ರಿ ಕಾಲು ನೋಡಬೇಕು."

ಇಷ್ಟು ವರ್ಷ ಫುಟ್‌ಬಾಲ್ ಟಿ.ವಿ.ಯಲ್ಲಿ ನೋಡಿದರೂ ಈ ಒಂದು ಮಾತು ನನಗೆ ಯಾವ ಕಾಮೆಂಟರಿಯವನೂ ಇಷ್ಟು ಸಲೀಸಾಗಿ ಹೇಳಿರಲಿಲ್ಲ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡ ಫುಟ್‌ಬಾಲ್ ಹುಚ್ಚಿನ ಓಣಿಗಳಿವೆ. ಅಲ್ಲಿಯ ಹುಡುಗನೂ ಎದುರಿನವನನ್ನು ಕೆಡವಿದ ಮೇಲೆ ಎರಡೂ ಕೈಯಲ್ಲಿ ಗಾಳಿಯಲ್ಲಿ ಒಂದು ದುಂಡನೆ ಚೆಂಡು ಬರೆದು ತೋರಿಸುತ್ತಾನೆ. ಕೋಟಿಗಟ್ಟಲೆ ಸಂಬಳದ ಯುರೋಪಿನವನೂ ಅದನ್ನೇ ತೋರಿಸುತ್ತಾನೆ. ಚೆಂಡು ಮುಟ್ಟಿದ್ದರೆ ಫೌಲ್ ಮಾಫಿ ಎಂದು ಫುಟ್‌ಬಾಲಿನ ಹನ್ನೆರಡನೆಯ ನಿಯಮದಲ್ಲಿ ಒಂದು ಸಾಲೂ ಇಲ್ಲ. ಆದರೂ ಇಡೀ ಜಗತ್ತು ಇದೆಯೆಂದೇ ನಂಬಿಕೊಂಡು ಆಡುತ್ತಿದೆ. ಚೆಂಡು ಸಿಕ್ಕಿತೆಂಬುದು ಆಡಲು ಹೋಗಿದ್ದನೆಂಬುದಕ್ಕೆ ಒಂದು ಸಾಕ್ಷಿ, ಅಷ್ಟೇ. ಸಾಕ್ಷಿ ಬಂದ ಮಾತ್ರಕ್ಕೆ ಕೇಸು ಮುಗಿಯುವುದಿಲ್ಲ.

"ಹಂಗಾರ ಏನ್ ನೋಡ್ತೀರಿ ಮಾಸ್ತರ?" ದೊಡ್ಡಪ್ಪ ಕೇಳಿದ.

"ಮೂರು ಮೆಟ್ಲ ಅವ ಕಾಕಾ. ಒಂದು, ನಿಗಾ ಇಲ್ಲದ ಕಾಲು ಹಾಕೋದು. ಅದಕ್ಕ ಫ್ರೀ ಕಿಕ್ ಅಷ್ಟೇ, ಬೈಯೋದು ಸುದ್ದಾ ಬೇಕಿಲ್ಲ. ಎರಡು, ಎದುರಿನವ ಸತ್ರ ಸಾಯ್ಲಿ ಅಂತ ಪರಿವಿ ಇಲ್ದ ಹೋಗೋದು. ಅದಕ್ಕ ಹಳದಿ ಕಾರ್ಡು. ಮೂರು, ಬಾಲಿಗೆ ಬೇಕಾದ ಜೋರು ಬಿಟ್ಟು ಮನಷ್ಯಾನ ಎಲುವು ಮುರಿಯೋವಷ್ಟು ಜೋರು ಹಾಕೋದು. ಅಂವ ಹೊರಗ."

"ಬೇಕಂತ ಮಾಡಿದ್ನೊ, ತಪ್ಪಿ ಆತೊ, ಅದನ್ನ ಕೇಳಂಗಿಲ್ಲೇನು?"

"ಕೇಳಂಗಿಲ್ಲ."

ದೊಡ್ಡಪ್ಪನಿಗೆ ಇದು ಹಿಡಿಸಲಿಲ್ಲ. ಬದುವಿನ ಜಗಳವಿರಲಿ, ದನ ಹೊಲ ಹೊಕ್ಕ ಜಗಳವಿರಲಿ, ಅವನ ನ್ಯಾಯ ಶುರುವಾಗುವುದೇ "ಬೇಕಂತ ಮಾಡಿಯೇನೊ?" ಎಂಬಲ್ಲಿಂದ. ಫುಟ್‌ಬಾಲಿನಲ್ಲೂ ಒಂದು ಕಾಲಕ್ಕೆ ಹಾಗೇ ಇತ್ತು. ಉದ್ದೇಶಪೂರ್ವಕವಾಗಿ ಒದ್ದರೆ, ಉದ್ದೇಶಪೂರ್ವಕವಾಗಿ ಕೆಡವಿದರೆ ತಪ್ಪು ಎಂದೇ ನಿಯಮ ಹೇಳುತ್ತಿತ್ತು. 1990ರ ದಶಕದ ನಡುವೆ ಆ ಶಬ್ದ ತೆಗೆದು ಈ ಮೂರು ಮೆಟ್ಟಿಲು ತಂದರು. ಕಾರಣ ಸರಳ: ಓಡುತ್ತಿರುವ ರೆಫ್ರಿಗೆ ಹುಡುಗನ ಮನಸ್ಸು ಕಾಣುವುದಿಲ್ಲ, ಮೊಣಕಾಲು ಕಾಣುತ್ತದೆ. ಇದು ಬಹಳ ದೊಡ್ಡ ಬುದ್ಧಿವಂತಿಕೆ ಎಂದು ನನಗೆ ಅನ್ನಿಸುತ್ತದೆ. ಕೋರ್ಟುಗಳಲ್ಲಿ ಉದ್ದೇಶ ಸಾಬೀತು ಮಾಡಲು ವರ್ಷಗಟ್ಟಲೆ ವಾಯಿದೆ ಬೀಳುತ್ತವೆ. ಮೈದಾನದವರು ಆ ಗೊಡವೆಯನ್ನೇ ಬಿಟ್ಟು, ಕಾಲು ಏನು ಮಾಡಿತು ಹೇಳು ಸಾಕು ಎಂದರು. "ನಾ ಬೇಕಂತ ಮಾಡಿಲ್ರಿ ಸರ" ಎಂದು ಅಳುಮೋರೆ ಮಾಡುವ ಹುಡುಗನಿಗೆ ಮಾಸ್ತರು ಹೇಳುತ್ತಿದ್ದದ್ದು ಒಂದೇ: "ಗೊತ್ತದ ತಮ್ಮಾ, ಫ್ರೀ ಕಿಕ್ ಅಂತೂ ಅದ."

ನಾನು ಎಲ್ಲಿಯೋ ಓದಿದ್ದನ್ನು ಒದರಲು ಹೊತ್ತು ಕಾಯುತ್ತಿದ್ದೆ. ಈ ಆಟ ಹುಟ್ಟಿದ್ದೇ ಫೌಲಿನ ಜಗಳದಲ್ಲಿ ಎಂದೆ. ನಮ್ಮ ಸುರಪುರದ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ಮೇಲೆ ತಿರುಗಿಬಿದ್ದು ಜೀವ ಕಳಕೊಂಡದ್ದು 1858ರಲ್ಲಿ. ಐದು ವರ್ಷ ಕಳೆದು 1863ರ ಅಕ್ಟೋಬರ್ 26ಕ್ಕೆ ಅದೇ ಇಂಗ್ಲಿಷರು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್ ಎಂಬ ಪಾನಗೃಹದಲ್ಲಿ ಕೂತು ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು. ದೊಡ್ಡ ತಕರಾರು ಬಂದದ್ದು ಎದುರಾಳಿಯ ಮೊಣಕಾಲ ಕೆಳಗೆ ಒದೆಯಬಹುದೋ ಬಾರದೋ ಎಂಬುದಕ್ಕೆ. ಒದೆಯಬಾರದು ಎಂದರು ಹೆಚ್ಚಿನವರು. ಬ್ಲ್ಯಾಕ್‌ಹೀತ್ ಕ್ಲಬ್ಬಿನ ಕ್ಯಾಂಪ್‌ಬೆಲ್ ಎಂಬಾತ ಸಿಟ್ಟಾದ. ಒದೆಯುವುದನ್ನು ತೆಗೆದರೆ ಆಟದ ಗಂಡಸುತನವೇ ಹೋಗುತ್ತದೆ, ಆಮೇಲೆ ಫ್ರಾನ್ಸಿನವರನ್ನು ಕರೆತಂದು ಒಂದು ವಾರ ಕಲಿಸಿದರೆ ಅವರೂ ನಿಮ್ಮನ್ನು ಸೋಲಿಸುತ್ತಾರೆ ಎಂಬ ಅರ್ಥದಲ್ಲಿ ಹೀಯಾಳಿಸಿದ. ಯಾರೂ ಕೇಳಲಿಲ್ಲ, ಡಿಸೆಂಬರಿನಲ್ಲಿ ಅವನ ಕ್ಲಬ್ಬು ಹೊರಬಿತ್ತು. ಫ್ರಾನ್ಸಿನವರು 1998ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ವಿಶ್ವಕಪ್ ಗೆದ್ದರು. ಇಂಗ್ಲೆಂಡಿಗೆ ಇರುವುದು 1966ರದು ಒಂದೇ.

"ಅಂದ್ರ ಆ ಕ್ಯಾಂಪ್‌ಬೆಲ್ ಹೇಳಿದ್ದು ಖರೇ ಆತಲ್ಲ!" ದೊಡ್ಡಪ್ಪನಿಗೆ ಭಾರಿ ಸಂತೋಷ. ತಾನು ಬ್ಲ್ಯಾಕ್‌ಹೀತಿನ ಪಕ್ಷ ಎಂದು ಅಲ್ಲೇ ಸಾರಿಬಿಟ್ಟ.

ಮಾಸ್ತರು ಮೊಮ್ಮಗಳ ಕಾಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ತರಚಿದ ಜಾಗದ ಮೇಲೆ ಸಾಲಾಗಿ ಮೂರು ಕೆಂಪು ಚುಕ್ಕಿ, ಒಂದಕ್ಕೊಂದು ಬೆರಳಿನಷ್ಟು ದೂರ. "ಆಕಿ ಬೂಟು ಹಾಕಿದ್ಲೇನು?" "ಹೂಂ, ಸ್ಟಡ್ ಬೂಟು." "ನೀನು?" "ಕ್ಯಾನ್ವಾಸ್." "ಒಳಗ ಏನರ ಇಟ್ಕೊಂಡಿದ್ದಿ?" ಅವಳು ಸಾಕ್ಸಿನೊಳಗಿಂದ ನೋಟ್‌ಬುಕ್ಕಿನ ರಟ್ಟು ಎಳೆದು ತೋರಿಸಿದಳು. ನಡುವೆ ಸೀಳಿತ್ತು.

ನಿಯಮದ ಪ್ರಕಾರ ಪ್ರತಿ ಆಟಗಾರನಿಗೂ ಪಾದರಕ್ಷೆ ಬೇಕು, ಶಿನ್‌ಗಾರ್ಡ್ ಬೇಕು. ವಲಯ ಮಟ್ಟದ ಮೈದಾನದಲ್ಲಿ ಅದನ್ನು ಹಟ ಹಿಡಿದರೆ ಆಡಲು ಹುಡುಗರೇ ಉಳಿಯುವುದಿಲ್ಲ. ಒಂದು ತಂಡದಲ್ಲಿ ಮೂವರಿಗೆ ಬೂಟು, ಐವರಿಗೆ ಕ್ಯಾನ್ವಾಸ್, ಉಳಿದವರು ಬರಿಗಾಲು. ಬರಿಗಾಲಲ್ಲಿ ಆಡಿದ ಘನತೆ ನಮ್ಮ ದೇಶಕ್ಕೂ ಇದೆ ಬಿಡಿ: 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಬಹಳಷ್ಟು ಆಟಗಾರರು ಬರಿಗಾಲಲ್ಲೇ ಫ್ರಾನ್ಸ್ ವಿರುದ್ಧ ಇಳಿದು, ಎರಡು ಪೆನಾಲ್ಟಿ ಕೈಬಿಟ್ಟು, 2-1ರಲ್ಲಿ ಸೋತರು. ನಮ್ಮ ಕಡೆಯ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆದರೆ ಅಲ್ಲಿ ಎದುರಾಳಿಯೂ ಪಳಗಿದವನು, ರೆಫ್ರಿಯೂ ಪಳಗಿದವನು. ಇಲ್ಲಿ?

"ಇದರಾಗ ಒಂದು ಮಾತದ ತಮ್ಮಾ," ಎಂದರು ಮಾಸ್ತರು. "ಬೂಟಿನವ ಬೂಟಿನವನ ಕಾಲಿಗೆ ನಿಗಾ ಇಲ್ದ ಹೋದ್ರ ಅದು ಮೊದಲನೇ ಮೆಟ್ಲ. ಅದೇ ಕಾಲು, ಅದೇ ಜೋರು, ಬರಿಗಾಲವನ ಮ್ಯಾಲ ಬಿದ್ರ ನಾ ಎರಡನೇ ಮೆಟ್ಲ ಅಂತಿದ್ದೆ. ತನ್ನ ಕಾಲಾಗ ಏನದ, ಎದುರಿನವನ ಕಾಲಾಗ ಏನಿಲ್ಲ ಅಂತ ಅವಗ ಕಾಣಂಗಿಲ್ಲೇನು?"

ಪುಸ್ತಕದಲ್ಲಿ ಇದನ್ನು ಹೀಗೆ ಬಿಡಿಸಿ ಬರೆದಿಲ್ಲ. ಎದುರಿನವನಿಗೆ ಆಗುವ ಅಪಾಯವನ್ನು ಲೆಕ್ಕಿಸದೆ ಆಡುವುದು ಎಂದಷ್ಟೇ ಇದೆ. ಆ ಸಾಲಿನೊಳಗೆ ವನದುರ್ಗದ ಬರಿಗಾಲನ್ನು ಓದಿಕೊಳ್ಳುವುದು ಮಾಸ್ತರರಿಗೆ ಬಿಟ್ಟದ್ದು. ನನಗೆ ಕೇಳಿದರೆ, ಊರ ಆಟದ ರೆಫ್ರಿಯ ನಿಜವಾದ ಕೆಲಸ ಇದೇ. ದೊಡ್ಡ ಪಂದ್ಯದವನು ನಿಯಮ ಜಾರಿ ಮಾಡಿದರೆ ಮುಗಿಯಿತು. ಇವನು ನಿಯಮ ಬರೆದವರು ಕಂಡಿರದ ಮೈದಾನಕ್ಕೆ ಅದನ್ನು ಹೊಂದಿಸಬೇಕು.

ಮೈದಾನವಾದರೂ ಎಂಥದ್ದು? ಎರೆಮಣ್ಣು. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು. ಮಳೆ ಬಂದರೆ ಬೂಟಿಗೆ ಸೇರುಗಟ್ಟಲೆ ಅಂಟಿ ಕಾಲೇ ಏಳುವುದಿಲ್ಲ. ಓಡುವ ಹುಡುಗ ದಪ್ಪನೆ ಬೀಳುತ್ತಾನೆ, ಹತ್ತಿರ ಒಬ್ಬ ಎದುರಾಳಿ ಇದ್ದೇ ಇರುತ್ತಾನೆ. ಕೆಡವಿದ್ದು ಎದುರಾಳಿಯ ಕಾಲೋ ಎರೆಯ ಬಿರುಕೋ? ಮಾಸ್ತರರ ಲೆಕ್ಕ ಹೀಗಿದೆ: ಬಿರುಕಿಗೆ ಸಿಕ್ಕವನು ಕಾಲು ಹಿಂದೆ ಬಿಟ್ಟು ಮುಂದಕ್ಕೆ ಮುಗ್ಗರಿಸುತ್ತಾನೆ, ಎದ್ದ ಕೂಡಲೇ ನೆಲ ನೋಡುತ್ತಾನೆ. ಅಡ್ಡಗಾಲಿಗೆ ಸಿಕ್ಕವನು ಓರೆಯಾಗಿ ಬೀಳುತ್ತಾನೆ, ಎದ್ದ ಕೂಡಲೇ ಮನುಷ್ಯನನ್ನು ನೋಡುತ್ತಾನೆ. ನಾಟಕ ಮಾಡುವವನು ಎರಡನ್ನೂ ಬಿಟ್ಟು ರೆಫ್ರಿಯನ್ನು ನೋಡುತ್ತಾನೆ. ಅವನಿಗೆ ಹಳದಿ.

"ನಿಮ್ಮ ರೆಫ್ರಿ ಸರ ಎಲ್ಲಿ ನಿಂತಿದ್ರು?" ಮಾಸ್ತರು ಮೊಮ್ಮಗಳಿಗೆ ಕೇಳಿದರು.

"ನನ್ನ ಬೆನ್ನ ಹಿಂದ. ದೂರ."

"ಹಂಗಾರ ಅವರಿಗೆ ಕಂಡದ್ದು ನಿನ್ನ ಬೆನ್ನು, ಆಕಿ ತಲಿ. ಬಾಲ್ ಹೊರಳಿದ್ದು ಕಂಡಾದ. ಕಾಲು ಕಂಡಿಲ್ಲ. ಕಾಣಲಾರದ್ದು ಕೊಡಬಾರದು."

ಅಲ್ಲಿಯವರೆಗೆ ಆ ರೆಫ್ರಿಯನ್ನು ತಪ್ಪು ಎನ್ನುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಸೀಟಿ ಹಿಡಿದವರ ಕುಲ ಬೇರೆಯೇ. "ನಾ ಇದ್ರ ಕೊಡತಿದ್ದೆ, ಆದ್ರ ನಾ ಅಲ್ಲಿ ನಿಂತಿರಲಿಲ್ಲ" ಎಂದು ಮುಗಿಸಿದರು. ರೆಫ್ರಿ ಮೈದಾನದ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಓಡಬೇಕು, ಎರಡು ಬದಿಯ ಗೆರೆಯ ಮೇಲೆ ಇಬ್ಬರು ಲೈನ್ಸ್‌ಮನ್ ಇರಬೇಕು; ಆಗ ಆಟ ಸದಾ ರೆಫ್ರಿ ಮತ್ತು ಲೈನ್ಸ್‌ಮನ್ ನಡುವೆ ಸಿಕ್ಕಿಕೊಳ್ಳುತ್ತದೆ. 1930ರ ದಶಕದಲ್ಲಿ ಸ್ಟ್ಯಾನ್ಲಿ ರೌಸ್ ಎಂಬ ಇಂಗ್ಲಿಷ್ ರೆಫ್ರಿ ರೂಢಿಗೆ ತಂದ ಪದ್ಧತಿ ಇದು. ಆತನೂ ಮೊದಲು ಶಾಲಾ ಮಾಸ್ತರನೇ. ನಮ್ಮ ವಲಯ ಮಟ್ಟದಲ್ಲಿ ಲೈನ್ಸ್‌ಮನ್ ಎಂದರೆ ಅದೇ ಶಾಲೆಯ ಇನ್ನೊಬ್ಬ ಹುಡುಗ; ಕೈಯಲ್ಲಿ ಕರವಸ್ತ್ರ, ಕಣ್ಣು ಕಬ್ಬಿನ ಹಾಲಿನ ಗಾಡಿಯ ಮೇಲೆ. ಒಬ್ಬನೇ ಮನುಷ್ಯ ಇಪ್ಪತ್ತೆರಡು ಜೋಡಿ ಕಾಲು ಕಾಯಬೇಕು.

ಮಾಸ್ತರಂದಿರ ಮಾತು ಬಂದಾಗ ನಮ್ಮ ಮಾಸ್ತರರು ಎದೆಯುಬ್ಬಿಸಿ ಹೇಳುವ ಹೆಸರು ಇನ್ನೊಂದಿದೆ. ನಮ್ಮ ಸೀಮೆ ನಿಜಾಮನ ಹೈದರಾಬಾದಿಗೆ ಸೇರಿದ್ದ ಕಾಲದಿಂದ ಅಲ್ಲಿ ಫುಟ್‌ಬಾಲ್ ಬೆಳೆಸಿದ ಸೈಯದ್ ಅಬ್ದುಲ್ ರಹೀಮ್. ಅವರೂ ಶಾಲೆಯಲ್ಲಿ ಪಾಠ ಹೇಳಿದವರೇ. ಅವರ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ ಐದು ವರ್ಷ ಬಿಡದೆ ರೋವರ್ಸ್ ಕಪ್ ಗೆದ್ದಿತು. 1956ರ ನವೆಂಬರ್ 1ರಂದು ನಮ್ಮ ಗುಲಬರ್ಗಾ ಜಿಲ್ಲೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಒಂದು ತಿಂಗಳಾಗುತ್ತಲೇ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಮ್ ಸಾಹೇಬರ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಹೊಡೆದು ಸೆಮಿಫೈನಲ್ ಮುಟ್ಟಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರೂ ಇದ್ದರು. "ಕೋಚು ನಮ್ಮ ಹಳೇ ರಾಜ್ಯದವ್ರು, ಆಟಗಾರ ಹೊಸ ರಾಜ್ಯದಾಂವ" ಎಂದು ಮಾಸ್ತರು ಎರಡೂ ಕಡೆ ಹಕ್ಕು ಇಟ್ಟುಕೊಂಡಿದ್ದಾರೆ. ಇದಕ್ಕೂ ಫೌಲಿಗೂ ಏನು ಸಂಬಂಧ ಎಂದು ಕೇಳಬೇಡಿ. ಹರಟೆಯಲ್ಲಿ ಅಡ್ವಾಂಟೇಜ್ ಕೊಡಬೇಕು.

ಅಡ್ವಾಂಟೇಜ್ ಎಂದಾಗಲೇ ದೊಡ್ಡಪ್ಪ ಮತ್ತೆ ಎದ್ದು ಕುಂತ. ಊರಿನ ಮಂದಿಗೆ ಅತಿ ಹೆಚ್ಚು ಸಿಟ್ಟು ತರಿಸುವುದು ಇದೇ. ಫೌಲ್ ಎದುರಿಗೇ ಆಗಿದೆ, ರೆಫ್ರಿ ಎರಡೂ ಕೈ ಮುಂದೆ ಚಾಚಿ ಓಡುತ್ತಿದ್ದಾನೆ, ಸೀಟಿ ಮಾತ್ರ ಇಲ್ಲ. "ಕಣ್ಣು ಹೋಗ್ಯಾವೇನೊ ಅವಗ" ಎಂದು ಬೇಲಿಯ ಮೇಲಿಂದ ಕೂಗು.

"ಕಾಕಾ, ರಾಶಿ ತೂರುವಾಗ ಮೊರ ಎತ್ತಿದ ಕೂಡ್ಲೆ ಸುರಿತೀರೇನು? ಗಾಳಿ ಬರ್ತದೊ ಇಲ್ಲೊ ಅಂತ ಜರಾ ನಿಲ್ಲಂಗಿಲ್ಲೇನು?"

"ನಿಲ್ತೀವಿ."

"ಹಂಗ ಇದು. ಒದೆ ತಿಂದವನ ಜೋಡಿ ಆಟಗಾರ ಬಾಲ್ ತಗೊಂಡು ಗೋಲಿನ ಕಡೆ ಹೊಂಟಿದ್ರ, ನಾ ಸೀಟಿ ಊದಿದ್ರ ಲಾಭ ಯಾರಿಗಿ? ಒದ್ದವನಿಗಿ. ಎರಡು ಮೂರು ಉಸಿರಿನಷ್ಟು ಹೊತ್ತು ನೋಡೋದು. ಏನೂ ಆಗಲಿಲ್ಲ ಅಂದ್ರ ಹಿಂದ ಬಂದು ಫ್ರೀ ಕಿಕ್ ಕೊಡೋದು. ಒದ್ದವನ ಹಳದಿ ಎಲ್ಲೂ ಹೋಗಂಗಿಲ್ಲ, ಆಟ ನಿಂತಾಗ ಕರದು ಕೊಡೋದು."

ಆ ಹಳದಿಯ ಕತೆ ಬೇರೆ ಇದೆ. 1966ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ವಿರುದ್ಧ ಆಡುತ್ತಿದ್ದ ಅರ್ಜೆಂಟೀನಾದ ನಾಯಕ ರಾಟಿನ್‌ಗೆ ಜರ್ಮನ್ ರೆಫ್ರಿ ಹೊರಗೆ ಹೋಗು ಎಂದ. ಒಬ್ಬನ ಭಾಷೆ ಇನ್ನೊಬ್ಬನಿಗೆ ಬರದು, ರಾಟಿನ್ ಹೋಗಲೊಲ್ಲ. ಆ ಗದ್ದಲವನ್ನು ತಲೆಯಲ್ಲಿ ಇಟ್ಟುಕೊಂಡು ಕಾರು ಓಡಿಸುತ್ತಿದ್ದ ಆ ವಿಶ್ವಕಪ್ಪಿನ ರೆಫ್ರಿಗಳ ಮುಖ್ಯಸ್ಥ, ಇಂಗ್ಲೆಂಡಿನ ಕೆನ್ ಆ್ಯಸ್ಟನ್‌ಗೆ ಟ್ರಾಫಿಕ್ ಸಿಗ್ನಲ್ ನೋಡಿ ಹಳದಿ, ಕೆಂಪು ಹೊಳೆಯಿತು. 1970ರ ಮೆಕ್ಸಿಕೊ ವಿಶ್ವಕಪ್ಪಿಗೆ ಕಾರ್ಡು ಬಂದವು. ವಲಯ ಮಟ್ಟಕ್ಕೆ ಬರುವಾಗ ಇಲಾಖೆ ಕೊಟ್ಟ ಕಿಟ್ಟಿನಲ್ಲಿ ಕಾರ್ಡೇ ಇರುತ್ತಿ­ರಲಿಲ್ಲ. ಮಾಸ್ತರು ಒಂದು ಲಗ್ನಪತ್ರಿಕೆ ಕತ್ತರಿಸಿ ಎರಡೂ ಮಾಡಿಕೊಂಡಿದ್ದರು. ಅರಿಶಿಣ ಬಣ್ಣದ ಕಡೆ ಹಳದಿ, ಕುಂಕುಮ ಬಣ್ಣದ ಲಕೋಟೆ ಕೆಂಪು. ತಾಲೂಕು ಮಟ್ಟದಲ್ಲಿ ಒಮ್ಮೆ ಒರಟಾಗಿ ಒದ್ದ ಹುಡುಗನಿಗೆ ಹಳದಿ ಎತ್ತಿ ಹಿಡಿದರೆ, ಅವನು ತಲೆಯೆತ್ತಿ ಹಿಂಬದಿಯಲ್ಲಿದ್ದ 'ಸುಖಾಗಮನ ಬಯಸುವವರು' ಎಂಬುದನ್ನು ಗಟ್ಟಿಯಾಗಿ ಓದಿದನಂತೆ. ಎರಡೂ ತಂಡ ನಕ್ಕು ಬಿದ್ದವು. ಮಾಸ್ತರೂ ನಕ್ಕರು. ಆಮೇಲೆ ಆ ಪಂದ್ಯದಲ್ಲಿ ಯಾರೂ ಯಾರನ್ನೂ ಒದೆಯಲಿಲ್ಲ ಎನ್ನುತ್ತಾರೆ. ಮಾಸ್ತರರ ಮಾತು, ಅರ್ಧ ನಂಬಿದರೆ ಸಾಕು.

ನಾನು ಅವರನ್ನು ಕೆಣಕಬೇಕೆಂದಾಗ ತೆಗೆಯುವ ವಿಷಯ ಒಂದಿದೆ: ಬೆಂಗಳೂರಿನ ಕಂಠೀರವ ಮೈದಾನದ್ದು. 2023ರ ಮಾರ್ಚ್ 3, ಐ.ಎಸ್.ಎಲ್. ನಾಕೌಟ್, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದ 96ನೇ ನಿಮಿಷ, ಪೆನಾಲ್ಟಿ ಪೆಟ್ಟಿಗೆಯ ಹೊರಗೆ ಬೆಂಗಳೂರಿನ ಸುನಿಲ್ ಚೆಟ್ರಿಗೆ ಫೌಲ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟುತ್ತಿದ್ದಾರೆ, ಗೋಲ್‌ಕೀಪರ್ ಕಂಬದ ಹತ್ತಿರ ನಿಂತು ಕೈ ಮಾಡುತ್ತಿದ್ದಾನೆ, ಚೆಟ್ರಿ ಮೆಲ್ಲಗೆ ಚೆಂಡು ಎತ್ತಿ ಒಳಗೆ ಹಾಕಿದರು. ರೆಫ್ರಿ ಗೋಲು ಎಂದರು. ಕೇರಳದ ಕೋಚು ತಂಡವನ್ನೇ ಮೈದಾನದಿಂದ ಕರೆದುಕೊಂಡು ಹೊರಟುಹೋದ. ಆಮೇಲೆ ಫೆಡರೇಷನ್ ಕ್ಲಬ್ಬಿಗೆ 4 ಕೋಟಿ ದಂಡ, ಕೋಚಿಗೆ 10 ಪಂದ್ಯ ನಿಷೇಧ ಹಾಕಿತು.

"ಸೀಟಿ ಇಲ್ದ ಹೊಡದ್ರಲ್ಲ ಸರ, ಅದು ನ್ಯಾಯೇನು?"

"ಫೌಲ್ ಆದದ್ದು ಯಾರಿಗಿ?"

"ಚೆಟ್ರಿಗಿ."

"ಹಂಗಾರ ಕಾಯಬೇಕಾದಾವ್ರು ಯಾರು? ಒದೆ ತಿಂದಾವ ಕಾಯಬೇಕಂತ ಎಲ್ಲಿ ಅದ? ಗೋಡಿ ದೂರ ಸರಿಸ್ರಿ ಅಂತ ಅಂವ ಕೇಳಿದ್ರ, ಇಲ್ಲಾ ರೆಫ್ರಿ ಕಾರ್ಡು ತಗದು 'ನಿಲ್ಲು' ಅಂದ್ರ, ಆವಾಗ ಸೀಟಿ ಬೇಕು. ಇಲ್ಲಂದ್ರ ಬಾಲ್ ಇಡು, ಹೊಡಿ. ಒಂಬತ್ತು ಮೀಟರ್ ಚಿಲ್ಲರೆ ದೂರ ನಿಲ್ಲೋದು ತಪ್ಪು ಮಾಡಿದವರ ಕೆಲಸ."

ಆ ದಿನ ರೆಫ್ರಿ ಚೆಟ್ರಿಗೆ ಏನು ಸನ್ನೆ ಮಾಡಿದ್ದರು ಎಂಬುದರ ಮೇಲೆ ಕೇರಳದವರೂ ಬೆಂಗಳೂರಿನವರೂ ಇಂದಿಗೂ ಕಾದಾಡುತ್ತಾರೆ, ಕಾದಾಡಲಿ. ನನಗೆ ಮಜಾ ಅನ್ನಿಸುವುದು, ಅದರ ಮರುದಿನವೇ, ಮಾರ್ಚ್ 4ಕ್ಕೆ, ದೂರದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದದ್ದು. ಅರ್ಧ ಶತಮಾನದ ಗೆಲುವಿನ ಸುದ್ದಿಯನ್ನು ಒಂದು ಸೀಟಿ ಊದದ ಫ್ರೀ ಕಿಕ್ ನುಂಗಿಹಾಕಿತು. ಫೌಲಿನ ತೀರ್ಪಿಗೆ ಇರುವ ರುಚಿ ಗೋಲಿಗೂ ಇಲ್ಲ.

ಇಷ್ಟಾಗುವ ಹೊತ್ತಿಗೆ ಮೊಮ್ಮಗಳು ತನ್ನ ಗೆಳತಿಯಿಂದ ವಿಡಿಯೊ ತರಿಸಿಕೊಂಡಿದ್ದಳು. ಈಗ ಎಲ್ಲ ಮೈದಾನದ ಸುತ್ತಲೂ ಮೊಬೈಲ್ ಹಿಡಿದ ಕೈಗಳೇ. ನಾಲ್ವರೂ ಫರಸಿಯ ಮೇಲೆ ತಲೆ ಸೇರಿಸಿದೆವು. ಅವಳು ಮೊದಲು ತೋರಿಸಿದ್ದೇ ನಿಧಾನಗತಿಯಲ್ಲಿ. ಅಬ್ಬಬ್ಬಾ! ಬೂಟಿನ ತಳ ಮೆಲ್ಲಗೆ ಎದ್ದಿತು, ಚೆಂಡಿನ ಅಂಚು ಸವರಿತು, ತೇಲುತ್ತ ಬಂದು ಕಾಲಿಗೆ ಒತ್ತಿತು, ಚರ್ಮ ಮಡಚಿಕೊಂಡಿತು. ಎದುರಾಳಿ ಹುಡುಗಿಯ ಮುಖದಲ್ಲಿ ಹಲ್ಲು ಕಚ್ಚಿದ್ದು ಕೂಡ ಕಂಡಿತು. ಬ್ಲ್ಯಾಕ್‌ಹೀತಿನ ಪಕ್ಷದ ದೊಡ್ಡಪ್ಪನೇ "ಪೊಲೀಸ್ ಕಂಪ್ಲೇಂಟ್ ಕೊಡ್ರಿ" ಎಂದ.

"ಈಗ ಖರೇ ಸ್ಪೀಡಿಗೆ ಹಚ್ಚು," ಎಂದರು ಮಾಸ್ತರು.

ಅರೆಕ್ಷಣ. ಇಬ್ಬರು ಹುಡುಗಿಯರು ಚೆಂಡಿನ ಮೇಲೆ ಹೋದರು, ಒಬ್ಬಳು ಬಿದ್ದಳು, ಚೆಂಡು ಹೊರಳಿತು. ಅಷ್ಟೇ. ಹಲ್ಲು ಕಚ್ಚಿದ್ದು ಎಲ್ಲಿ ಹೋಯಿತೋ.

ದೊಡ್ಡ ಪಂದ್ಯಗಳ ವಿಡಿಯೊ ರೆಫ್ರಿಗಳಿಗೂ ಇದೇ ಕಟ್ಟಳೆ: ಕಾಲು ಎಲ್ಲಿ ತಾಗಿತು, ಪೆಟ್ಟಿಗೆಯ ಒಳಗೋ ಹೊರಗೋ ಎಂಬುದಕ್ಕೆ ನಿಧಾನಗತಿ ನೋಡಬಹುದು, ಎಷ್ಟು ಜೋರಾಗಿ ತಾಗಿತು ಎಂಬುದಕ್ಕೆ ನಿಜವಾದ ವೇಗದಲ್ಲೇ ನೋಡಬೇಕು. ನಿಧಾನ ಮಾಡಿದರೆ ಎಲ್ಲ ಕಾಲೂ ಹೊಂಚು ಹಾಕಿದಂತೆ ಕಾಣುತ್ತವೆ. ಎದುರಾಳಿಗೆ ಯೋಚಿಸಲು ಇರದ ಹೊತ್ತನ್ನು ನೋಡುವವರು ಪುಕ್ಕಟೆ ಕೊಟ್ಟುಬಿಡುತ್ತಾರೆ.

ತೀರ್ಪು? ಮಾಸ್ತರು ಹಳದಿ ಎಂದರು: ಕಾಲು ಎದ್ದಿದೆ, ತಳ ತೋರಿದೆ, ಆದರೆ ಒಂದೇ ಕಾಲು, ವೇಗ ಸಾಧಾರಣ, ದೂರದಿಂದ ಹಾರಿಲ್ಲ. ಮೊಮ್ಮಗಳು ಕೆಂಪಿಗೆ ಪಟ್ಟು ಹಿಡಿದಳು. ನಾನು ಮಾಸ್ತರರ ಕಡೆ. ರಟ್ಟು ಸೀಳಿದ್ದನ್ನು ನೋಡಿದ ಮೇಲೆ ಬರೀ ಫ್ರೀ ಕಿಕ್ ಎನ್ನಲು ಬಾಯಿ ಬರಲಿಲ್ಲ. ದೊಡ್ಡಪ್ಪ ಎರಡು ಸಲ ಪಕ್ಷ ಬದಲಿಸಿ, ಕೊನೆಗೆ "ಆಡಸ್ರಿ ಸುಮ್ನ" ಎಂದ. ಅಕ್ಕೋರು ಅರಿಶಿಣ, ಕೊಬ್ಬರಿಎಣ್ಣೆ ಹಿಡಿದು ಬಂದು ನಮ್ಮ ನಾಲ್ವರ ಮೇಲೂ ಒಮ್ಮೆ ಕಣ್ಣು ಬಿಟ್ಟು, ಹುಡುಗಿಯ ಕಾಲಿಗೆ ಹಚ್ಚಿದರು. "ಇಷ್ಟೊತ್ತು ಏನ್ ನೋಡ್ಲಿಕತ್ತಿದ್ರಿ?" ಎಂದು ಕೇಳಿದ್ದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಹೊಲದ ಪಂಪಿಗೆ ತ್ರೀ ಫೇಸ್ ಬರುವ ಹೊತ್ತಾಯಿತೆಂದು ದೊಡ್ಡಪ್ಪ ಎದ್ದ. ಎರಡು ಹೆಜ್ಜೆ ಹೋದವನು ತಿರುಗಿ ನಿಂತ.

"ಅಲ್ರಿ ಮಾಸ್ತರ, ಬಾಲ್ ಕೈಗೆ ಬಡದ್ರ ಏನಂತೀರಿ?"

ಮಾಸ್ತರು ಎರಡೂ ಕೈ ಜೋಡಿಸಿದರು. "ಅದೊಂದು ಬ್ಯಾಡ ಕಾಕಾ. 2019ರಾಗ ಒಂದು ಬರದ್ರು, 2020ರಾಗ ತಿದ್ದಿದ್ರು, 2021ರಾಗ ಮತ್ತ ತಿದ್ದಿದ್ರು. ಕೈ ಅಂದ್ರ ಎಲ್ಲಿಂದ ಶುರು ಅಂತ ಚಿತ್ರ ಬೇರೆ ಹಾಕ್ಯಾರ."

"ಎಲ್ಲಿಂದ?"

"ಕಂಕಳ ಕೆಳಗಿನ ಮಟ್ಟದಿಂದ. ಅದರ ಮ್ಯಾಲಿಂದು ಭುಜ, ಬಡದ್ರ ನಡೀತದ. ಅಂಗಿ ತೋಳಿನ ಹೊಲಿಗಿ ನೋಡಿ ಅಂದಾಜು ಮಾಡ್ತೀವಿ."

ದೊಡ್ಡಪ್ಪ ಕೈ ಮೇಲೆತ್ತಿ, ತನ್ನ ತೋಳಿಲ್ಲದ ಬನಿಯನ್ ಒಳಗೆ ಇಣುಕಿ ನೋಡಿಕೊಂಡ.

"ನಂದು ಎಲ್ಲಿಂದ ಅಂತೀರಿ?"